ತಣ್ಣನೆಯ ಕೋಳಿಬಿಲ್ಲೆಯೂ ಕಡಲತೀರದ ಬಿಸಿಗಾಳಿಯೂ

ಬೇಯಿಸಿದ ಕೋಳಿಯ ಮಾಂಸವನ್ನು ಎಷ್ಟೇ ಹರಿತವಾದ ಚಾಕುವಿನಿಂದ ಕೊಯ್ದರೂ ಅದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆಂಬುದನ್ನು ಅಡುಗೆಮನೆಯ ಪರಿಚಯವುಳ್ಳವರೆಲ್ಲ ಬಲ್ಲರು. ಆದರೆ ದೊಡ್ಡ ಪೇಟೆಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಕೋಳಿಮಾಂಸದ ಬಿಲ್ಲೆಗಳು ಹಾಗಲ್ಲ. ಅವು ದುಂಡಗೆ, ನುಣ್ಣಗೆ, ಎರಡು ಮೂರು ಮಿಲಿಮೀಟರು ದಪ್ಪದ ಹಾಳೆಗಳಂತಿದ್ದು, ಮಡಚಿದರೂ ಮುರಿಯುವುದಿಲ್ಲ. ಬ್ರೆಡ್ಡಿನ ಎರಡು ಹೋಳುಗಳ ನಡುವೆ ಇಟ್ಟು ತಣ್ಣಗಿರುವಂತೆಯೇ ತಿನ್ನುವ ಪದಾರ್ಥವಿದು. ಭಟ್ಕಳದ ಅನೇಕ ಮನೆಗಳಿಗೆ ಇದರ ಪರಿಚಯ ಚೆನ್ನಾಗಿಯೇ ಉಂಟು. ಆ ಊರಿನ ಬಹುಮಂದಿ ದುಬೈ ಮೊದಲಾದ ಕೊಲ್ಲಿ ನಾಡುಗಳಲ್ಲಿ ದುಡಿಯುತ್ತಾರೆ. ಅಲ್ಲಿಯ ಅಂಗಡಿಗಳಲ್ಲಿ ಮೊರ್ಟಡೆಲ್ಲಾ ಮೊದಲಾದ ಹೆಸರುಗಳಿಂದ ಇಂಥ ಬಿಲ್ಲೆಗಳು ಧಾರಾಳವಾಗಿ ದೊರೆಯುತ್ತವೆ.

ಈಗ ವಿದ್ಯುತ್ತಿನಿಂದ ನಡೆಯುವ ಮಲ್ಟಿಕುಕ್ಕರುಗಳು ಮನೆಮನೆಗೂ ಬರುತ್ತಿರುವುದರಿಂದ, ಈ ಬಿಲ್ಲೆಗಳನ್ನು ಮನೆಯಲ್ಲಿಯೇ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಾಡಬಹುದು, ಅದೇನೂ ಕಷ್ಟದ ಕೆಲಸವಲ್ಲ. ಆದರೆ ಇದನ್ನು ಮಾಡುವ ವಿಧಾನವು ನಮ್ಮಲ್ಲಿಗೆ ಚಳಿನಾಡುಗಳಿಂದ ಬಂದಿದೆ. ವಿಧಾನ ಹಡಗನ್ನೋ ವಿಮಾನವನ್ನೋ ಏರಿ ಬಂದೀತು. ಆ ನಾಡಿನ ಹವೆ ಅದರೊಡನೆ ಬರಲಾರದು. ಭಟ್ಕಳ, ಹೊನ್ನಾವರ, ಕುಮಟೆಗಳ ಗಾಳಿಯಲ್ಲಿ ಈ ಅಡುಗೆಯನ್ನು ಮಾಡುವವರು ಎಲ್ಲಿ ಎಚ್ಚರದಿಂದಿರಬೇಕು, ಏಕೆ ಎಚ್ಚರದಿಂದಿರಬೇಕು ಎಂಬುದನ್ನು ಭೌತವಿಜ್ಞಾನದ ನೆರವಿನಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ. ಮಾಂಸವನ್ನು ಮುಟ್ಟದ ಮನೆಯ ವಾಚಕರಿಗೂ ಇದರಿಂದ ಪ್ರಯೋಜನವಿದೆ. ಅದೇಕೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಇಲ್ಲಿ ಹೇಳುವ ಉಷ್ಣಮಾನಗಳೆಲ್ಲ ಸೆಲ್ಸಿಯಸ್ ಡಿಗ್ರಿಗಳಲ್ಲಿವೆ.

ಕೋಳಿ ಹಳೆಯದು, ತಣ್ಣನೆಯ ಕೋಳಿ ಹೊಸದು

ಈ ಕರಾವಳಿಗೆ ಕೋಳಿಯ ಅಡುಗೆ ಹೊಸದೇನೂ ಅಲ್ಲ. ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದನು. ಅಲ್ಲಿಯ ಸುಲ್ತಾನನೊಡನೆ ಮಾಡಿದ ಊಟವನ್ನು ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಮೊದಲು ಅನ್ನ, ತುಪ್ಪ, ಮೆಣಸು ಶುಂಠಿ ನಿಂಬೆ ಮಾವುಗಳ ಉಪ್ಪಿನಕಾಯಿ, ಅನಂತರ ಮತ್ತೆ ಅನ್ನದೊಡನೆ ಬೇಯಿಸಿದ ಕೋಳಿ, ಆಮೇಲೆ ಮೀನು, ಕೊನೆಗೆ ಮೊಸರು. ಇಂದಿನ ಊಟವೂ ಇದಕ್ಕಿಂತ ಬಹಳ ದೂರ ಹೋಗಿಲ್ಲವೆನ್ನಬಹುದು.

ಈ ಪಟ್ಟಿಯನ್ನು ಸ್ವಲ್ಪ ಯೋಚಿಸಿ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕೋಳಿ, ಮೀನುಗಳನ್ನು ಬೇಯಿಸಿ ಆಗಿಂದಾಗ್ಗೆ ಉಣ್ಣುತ್ತಿದ್ದರು. ಕೆಡದಂತೆ ಉಳಿಯಬೇಕಾದುದನ್ನು ಉಪ್ಪಿನಲ್ಲಿಯೋ ಹುಳಿಯಲ್ಲಿಯೋ ಹಾಕುತ್ತಿದ್ದರು. ಮೀನು ಮಿಕ್ಕರೆ ಉಪ್ಪು ಹಚ್ಚಿ ಮರಳದಂಡೆಯ ಬಿಸಿಲಿನಲ್ಲಿ ಒಣಗಿಸುವ ಪದ್ಧತಿ ಇಂದಿಗೂ ಉಂಟು. ಅಂದರೆ ಕರಾವಳಿಯ ಅಡುಗೆಗೆ ಎರಡೇ ದಾರಿ: ಬಿಸಿಯಾಗಿರುವಾಗಲೇ ಉಣ್ಣುವುದು, ಇಲ್ಲವೇ ಉಪ್ಪು, ಹುಳಿ, ಬಿಸಿಲುಗಳಿಗೆ ಒಪ್ಪಿಸುವುದು. ನೀರಿನಿಂದ ತುಂಬಿದ, ಮೆತ್ತನೆಯ, ಹುಳಿಯಿಲ್ಲದ ಮಾಂಸವನ್ನು ನಾಲ್ಕು ದಿನ ತಣ್ಣಗೆ ಇಟ್ಟುಕೊಂಡು ತಿನ್ನುವುದು ಮೂರನೆಯ ದಾರಿ. ಅದು ಹಿಮ ಬೀಳುವ ನಾಡುಗಳ ನೆಲಮಾಳಿಗೆಗಳಲ್ಲಿ ಹುಟ್ಟಿದ ದಾರಿ. ಅದರಲ್ಲಿ ನಡೆಯಬೇಕಾದರೆ ಆ ಮಾಳಿಗೆಯ ಚಳಿಯನ್ನು ನಾವೇ ಉಂಟುಮಾಡಬೇಕಾಗುತ್ತದೆ.

ಉಪ್ಪು ಮಾಡುವ ಬೆಸುಗೆ

ಮೊದಲು, ಎಳೆಎಳೆಯಾಗಿರುವ ಮಾಂಸವು ಒಂದೇ ಮುದ್ದೆಯಾಗಿ ಗಟ್ಟಿಯಾಗುವುದು ಹೇಗೆಂಬುದನ್ನು ನೋಡೋಣ. ಕೋಳಿಯ ಎದೆಯ ಮಾಂಸದ ಪ್ರತಿ 100 ಗ್ರಾಮಿನಲ್ಲಿ ಸುಮಾರು 75 ಗ್ರಾಂ ನೀರು. ಸುಮಾರು 22 ಗ್ರಾಂ ಪ್ರೋಟೀನು. ಈ ಪ್ರೋಟೀನಿನ ಬಹುಭಾಗವು ಸ್ನಾಯುವಿನ ನವಿರಾದ ನೂಲುಗಳ ರೂಪದಲ್ಲಿದೆ. ಅವುಗಳಲ್ಲಿ ಮುಖ್ಯವಾದವು ಎರಡು. ಒಂದು ಮೈಯೊಸಿನ್, ಇದನ್ನು ಜರ್ಮನಿಯ ಕ್ಯೂನೆ 1864ರಲ್ಲಿ ಗುರುತಿಸಿದನು. ಇನ್ನೊಂದು ಆಕ್ಟಿನ್, ಇದು 1942ರಲ್ಲಿ ಹಂಗೆರಿಯ ಸೆಗೆಡ್ ನಗರದಲ್ಲಿ ಸ್ಟ್ರೌಬ್ ಎಂಬ ವಿಜ್ಞಾನಿಗೆ ದೊರೆಯಿತು.

ಮೈಯೊಸಿನ್ನಿಗೆ ಒಂದು ವಿಚಿತ್ರವಾದ ಗುಣವಿದೆ. ಬರಿಯ ನೀರಿನಲ್ಲಿ ಅದು ಕರಗುವುದಿಲ್ಲ. ತಕ್ಕಷ್ಟು ಉಪ್ಪಿರುವ ನೀರಿನಲ್ಲಿ ಕರಗುತ್ತದೆ. ಅರ್ಧ ಕಿಲೋಗ್ರಾಂ ಕೊಚ್ಚಿದ ಮಾಂಸಕ್ಕೆ 10 ಗ್ರಾಂ ಉಪ್ಪನ್ನೂ 50 ಗ್ರಾಂ ತಣ್ಣೀರನ್ನೂ ಸೇರಿಸಿದೆವೆಂದು ಇಟ್ಟುಕೊಳ್ಳಿ. ಮಾಂಸದೊಳಗಿನ ನೀರು, ಸೇರಿಸಿದ ನೀರು ಎರಡೂ ಕೂಡಿ ಸುಮಾರು 425 ಗ್ರಾಂ ಆಗುತ್ತವೆ. ಆ ನೀರಿನಲ್ಲಿ ಉಪ್ಪಿನ ಪ್ರಮಾಣ ನೂರಕ್ಕೆ ಎರಡೂಕಾಲರಷ್ಟು, ಎಂದರೆ ಕಡಲ ನೀರಿಗಿಂತ ಸ್ವಲ್ಪ ಸಪ್ಪೆ. ಇಷ್ಟು ಉಪ್ಪು ಮೈಯೊಸಿನ್ನನ್ನು ನೂಲಿನಿಂದ ಬಿಡಿಸಿ ಹೊರಕ್ಕೆ ತರಲು ಸಾಕು. ಚೆನ್ನಾಗಿ ನಾದಿದಾಗ ಮಾಂಸವು ಅಂಟಂಟಾಗಿ, ಕೈಯನ್ನು ಮೇಲಕ್ಕೆತ್ತಿದರೆ ಎಳೆಯೆಳೆಯಾಗಿ ಹಿಡಿದುಕೊಳ್ಳುವುದು ಇದೇ ಕಾರಣದಿಂದ. ಹೀಗೆ ಹೊರಬಂದ ಮೈಯೊಸಿನ್ ಬಿಸಿ ತಾಗಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತದೆ. ಆ ಬಲೆಯ ಕಣ್ಣುಗಳಲ್ಲಿ ನೀರು ಸೆರೆಯಾಗುತ್ತದೆ. ಹಿಟ್ಟು, ಮೊಟ್ಟೆ, ಅಂಟು ಯಾವುದೂ ಇಲ್ಲದೆ ಬಿಲ್ಲೆ ಗಟ್ಟಿಯಾಗುವ ಗುಟ್ಟು ಇಷ್ಟೇ.

ಉಪ್ಪಿಗಾಗಿ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಗೆ ಏರಿಬರುವ ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿನಲ್ಲಿ ಆರಿಸಿ ಉಪ್ಪು ತೆಗೆಯುವ ಆಗರಗಳಿವೆ. ಆದರೆ ಒಂದು ಎಚ್ಚರಿಕೆ: ಹರಳುಪ್ಪಿನ ಕಣಗಳ ನಡುವೆ ಗಾಳಿಗೆ ಹೆಚ್ಚು ಜಾಗವಿರುವುದರಿಂದ, ಒಂದು ಚಮಚ ಹರಳುಪ್ಪೂ ಒಂದು ಚಮಚ ಪುಡಿಯುಪ್ಪೂ ತೂಕದಲ್ಲಿ ಸಮವಲ್ಲ. ಈ ಕೆಲಸದಲ್ಲಿ ಚಮಚವನ್ನು ಬಿಟ್ಟು ತಕ್ಕಡಿಯನ್ನು ಹಿಡಿಯಬೇಕು.

ಮಿಕ್ಸಿಯಲ್ಲಿ ಅರೆಯುವಾಗ ಸೇರಿಸುವ ನೀರು ಮಂಜಿನಷ್ಟು ತಣ್ಣಗಿರಬೇಕು. ಇದಕ್ಕೂ ಭೌತವಿಜ್ಞಾನದ ಕಾರಣವಿದೆ. ಮ್ಯೂನಿಕ್ ನಗರದಲ್ಲಿ ಫಿರಂಗಿಗಳನ್ನು ಕೊರೆಯುವಾಗ ಹುಟ್ಟುವ ಅಪಾರ ಶಾಖವನ್ನು ಕಂಡು, ಘರ್ಷಣೆಯ ಚಲನೆಯೇ ಶಾಖವಾಗುತ್ತದೆಂದು ಕೌಂಟ್ ರಮ್‌ಫರ್ಡ್ 1798ರಲ್ಲಿ ವಾದಿಸಿದ ಕಥೆಯನ್ನು ನೀವು ಪಾಠಗಳಲ್ಲಿ ಓದಿರಬಹುದು. ಮಿಕ್ಸಿಯ ಅಲಗುಗಳು ಮಾಡುವುದೂ ಅದನ್ನೇ. ಮಾಂಸದ ಮುದ್ದೆ 12 ಡಿಗ್ರಿಗಿಂತ ಬೆಚ್ಚಗಾದರೆ ಕೊಬ್ಬು ಕರಗಿ ಬೇರೆಯಾಗತೊಡಗುತ್ತದೆ. ಬಲೆ ಸರಿಯಾಗಿ ಕೂಡುವುದಿಲ್ಲ.

ಎಷ್ಟು ಬಿಸಿ ಬೇಕು?

ಮೇಲೆ ಹೇಳಿದ ರಮ್‌ಫರ್ಡ್ ಅಡುಗೆಯ ವಿಷಯದಲ್ಲಿಯೂ ಕುತೂಹಲವುಳ್ಳವನಾಗಿದ್ದನು. ಆಲೂಗಡ್ಡೆಯನ್ನು ಒಣಗಿಸಲು ಮಾಡಿದ್ದ ಒಂದು ಯಂತ್ರದಲ್ಲಿ ಅವನು ಕುರಿಯ ಮಾಂಸವನ್ನು ಇಡಿಸಿದನು. ಅದರ ಬಿಸಿ ತೀರ ಮಂದವಾಗಿತ್ತು. ಆದರೂ ರಾತ್ರಿಯೆಲ್ಲ ಅದರಲ್ಲಿದ್ದ ಮಾಂಸ ಬೆಳಗಾಗುವಷ್ಟರಲ್ಲಿ ಬೆಂದು, ರಸ ಬತ್ತದೆ, ಮೃದುವಾಗಿ, ರುಚಿಯಾಗಿತ್ತೆಂದು ಅವನು ಬರೆದಿದ್ದಾನೆ. ಮಾಂಸ ಬೇಯಲು ಕುದಿಯುವ ನೀರಿನ ಬಿಸಿ ಬೇಕೇಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯಿತು.

ಮೈಯೊಸಿನ್ 50ರಿಂದ 55 ಡಿಗ್ರಿಗಳಲ್ಲಿಯೇ ಹೆಣೆದುಕೊಳ್ಳಲು ಆರಂಭಿಸುತ್ತದೆ. ಆಕ್ಟಿನ್ 66 ಡಿಗ್ರಿಯನ್ನು ದಾಟಿದ ಮೇಲೆ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಉಷ್ಣಮಾನ ಏರಿದಷ್ಟೂ ಬಲೆ ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತದೆ, ಮಾಂಸ ಒಣಗಿದಂತಾಗುತ್ತದೆ. ರುಚಿಯೊಂದನ್ನೇ ನೋಡುವುದಾದರೆ 65 ಡಿಗ್ರಿಗೇ ನಿಲ್ಲಿಸಬಹುದಿತ್ತು. ಆದರೆ ಹಸಿಯ ಕೋಳಿಯಲ್ಲಿ ಸಾಲ್ಮೊನೆಲ್ಲ ಮೊದಲಾದ ರೋಗಾಣುಗಳಿರುವ ಸಂಭವ ಹೆಚ್ಚು. ಅವುಗಳ ಲೆಕ್ಕವನ್ನೂ ನೋಡಬೇಕು.

ಬಿಸಿಯಲ್ಲಿ ರೋಗಾಣುಗಳು ಒಮ್ಮೆಗೇ ಸಾಯುವುದಿಲ್ಲ. ರೇಡಿಯೋ ವಿಕಿರಣ ಧಾತುಗಳು ಕ್ಷಯಿಸುವಂತೆಯೇ, ಸಮಸಮವಾದ ಕಾಲಾವಧಿಗಳಲ್ಲಿ ಸಮಪ್ರಮಾಣದಲ್ಲಿ ಕ್ಷಯಿಸುತ್ತವೆ: ಮೊದಲ ಅವಧಿಯಲ್ಲಿ ಹತ್ತರಲ್ಲಿ ಒಂದು ಪಾಲು ಉಳಿದರೆ, ಎರಡನೆಯದರಲ್ಲಿ ನೂರರಲ್ಲಿ ಒಂದು, ಮೂರನೆಯದರಲ್ಲಿ ಸಾವಿರದಲ್ಲಿ ಒಂದು. ಉಷ್ಣಮಾನ ಏರಿದಂತೆ ಈ ಅವಧಿ ಬಹು ಬೇಗ ಕಿರಿದಾಗುತ್ತದೆ. ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲವನ್ನು ಕೋಟಿಗೆ ಒಂದರಷ್ಟಕ್ಕೆ ಇಳಿಸಲು 60 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. 74 ಡಿಗ್ರಿಯಲ್ಲಿ ಕೆಲವೇ ಕ್ಷಣಗಳು ಸಾಕು. ಆದುದರಿಂದ ಮನೆಯ ಅಡುಗೆಗೆ 74 ಡಿಗ್ರಿಯೇ ಯೋಗ್ಯವಾದ ಗುರಿ. ರಸವೂ ತೀರ ಬತ್ತದು, ರೋಗಾಣುಗಳ ಭಯವೂ ಇರದು.

ಹಾಗಾದರೆ ಮಲ್ಟಿಕುಕ್ಕರಿನ ಒತ್ತಡದ ಗುಂಡಿಯನ್ನು ಒತ್ತಿಬಿಟ್ಟರಾಗದೇ ಎಂದು ಕೆಲವರು ಕೇಳಬಹುದು. ಮುಚ್ಚಿದ ಪಾತ್ರೆಯಲ್ಲಿ ಹಬೆಯನ್ನು ಸೆರೆಹಿಡಿದರೆ ನೀರು ಕುದಿಯುವ ಉಷ್ಣಮಾನ ಏರುತ್ತದೆಂಬುದನ್ನು ಬಳಕೆಗೆ ತಂದವನು ಫ್ರಾನ್ಸಿನ ಡೆನಿ ಪಪ್ಯಾಂ. ಅವನು 1679ರಲ್ಲಿ ಇಂಥ ಪಾತ್ರೆಯನ್ನು ಮಾಡಿ ಅದರಲ್ಲಿ ಎಲುಬುಗಳನ್ನೂ ಮೆತ್ತಗೆ ಮಾಡಿ ತೋರಿಸಿದನು. ಒಲೆಯ ಮೇಲಿನ ನಮ್ಮ ಕುಕ್ಕರುಗಳಲ್ಲಿ ಸುಮಾರು 120 ಡಿಗ್ರಿಯವರೆಗೂ, ವಿದ್ಯುತ್ ಮಲ್ಟಿಕುಕ್ಕರುಗಳಲ್ಲಿ ಸಾಮಾನ್ಯವಾಗಿ 115 ಡಿಗ್ರಿಯ ಆಸುಪಾಸಿಗೂ ಉಷ್ಣಮಾನ ಏರುತ್ತದೆ. ಬೇಳೆಗೆ ಇದು ಹಿತ, ಬಿಲ್ಲೆಗೆ ಹಿತವಲ್ಲ. ನಡುಭಾಗ 74ಕ್ಕೆ ಬರುವ ಹೊತ್ತಿಗೆ ಹೊರಭಾಗ 100 ಡಿಗ್ರಿಯನ್ನು ಮೀರಿ, ಬಲೆ ಹರಿದು, ನೀರು ಬೇರೆಯಾಗಿ ಡಬ್ಬಿಯ ತಳದಲ್ಲಿ ನಿಲ್ಲುತ್ತದೆ. ಹೊರಗಡೆ ನಾರು, ನಡುವೆ ಮೆತ್ತಗೆ ಎಂಬಂತಹ ಮುದ್ದೆ ಸಿಕ್ಕೀತು.

ಮಲ್ಟಿಕುಕ್ಕರಿನ ನಿಜವಾದ ಪ್ರಯೋಜನ ಬೇರೆಯದು. 2010ರಲ್ಲಿ ಕೆನಡದಿಂದ ಮಾರುಕಟ್ಟೆಗೆ ಬಂದ ಇನ್‌ಸ್ಟಂಟ್ ಪಾಟ್ ಈ ಬಗೆಯ ಯಂತ್ರಗಳಲ್ಲಿ ಪ್ರಸಿದ್ಧವಾದುದು. ಇವುಗಳ ತಳದಲ್ಲಿ ಉಷ್ಣಮಾನವನ್ನರಿಯುವ ಒಂದು ಪುಟ್ಟ ಸಾಧನವಿರುತ್ತದೆ. ಬಿಸಿ ಹೆಚ್ಚಾದರೆ ವಿದ್ಯುತ್ತನ್ನು ಕಡಿಯುತ್ತದೆ. ಕಡಿಮೆಯಾದರೆ ಮತ್ತೆ ಹಾಯಿಸುತ್ತದೆ. ಉಷ್ಣಮಾನವನ್ನು ನಾವೇ ಗೊತ್ತುಪಡಿಸಲು ಬರುವ ಯಂತ್ರವಾದರೆ ನೀರನ್ನು ಗಂಟೆಗಟ್ಟಲೆ 80 ಡಿಗ್ರಿಯಲ್ಲಿ ನಿಲ್ಲಿಸಬಹುದು. ಸೌದೆಯ ಒಲೆಯ ಮುಂದೆ ಕುಳಿತು ಇದನ್ನು ಸಾಧಿಸುವುದು ಬಹಳ ಕಷ್ಟ.

ಆದರೆ ಗುಂಡಿಗಳ ವಿಷಯದಲ್ಲಿ ಜಾಗರೂಕರಾಗಿರಬೇಕು. ಮೊಸರು ಮಾಡಲು ಇರುವ ಗುಂಡಿ ನೀರನ್ನು 40 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವ ಜೀವಾಣುಗಳಿಗೆ ಪ್ರಿಯವಾದ ಆ ಬಿಸಿ ರೋಗಾಣುಗಳಿಗೂ ಅಷ್ಟೇ ಪ್ರಿಯ. ಅಡುಗೆಯನ್ನು ಬಿಸಿಯಾಗಿ ಕಾಯ್ದಿಡುವ ಗುಂಡಿಯ ಉಷ್ಣಮಾನವಂತೂ ಯಂತ್ರದಿಂದ ಯಂತ್ರಕ್ಕೆ ಬೇರೆಬೇರೆ. ಮಿಗಿಲಾಗಿ, ಯಂತ್ರದ ಮುಖದ ಮೇಲೆ ಮೂಡುವ ಅಂಕೆ ಪಾತ್ರೆಯ ತಳದ ಉಷ್ಣಮಾನ; ಮಾಂಸದ ನಡುಭಾಗದ್ದಲ್ಲ.

ನಡುವಿನವರೆಗೆ ಶಾಖದ ಪಯಣ

ತಳದ ಅಂಕೆಗೂ ನಡುವಿನ ಸ್ಥಿತಿಗೂ ಎಷ್ಟು ಅಂತರವಿರಬಹುದು? ಘನಪದಾರ್ಥದೊಳಗೆ ಶಾಖ ಹರಿಯುವ ಕ್ರಮವನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಣಿತದಿಂದ ನಿರೂಪಿಸಿದನು. ಅದರಿಂದ ದೊರೆಯುವ ನಿಯಮ ಸರಳವಾದುದು: ದಪ್ಪ ಎರಡರಷ್ಟಾದರೆ, ಬೇಕಾಗುವ ಕಾಲ ಎರಡರಷ್ಟಲ್ಲ, ನಾಲ್ಕರಷ್ಟು. ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ.

ನಮ್ಮ ಕೋಳಿಯ ಉರುಳೆಗೆ ಇದನ್ನು ಅನ್ವಯಿಸಿ ಲೆಕ್ಕಹಾಕಿದೆವು. ರೆಫ್ರಿಜರೇಟರಿನಿಂದ ತೆಗೆದ, 5 ಡಿಗ್ರಿಯಲ್ಲಿರುವ ಉದ್ದನೆಯ ಉರುಳೆಯನ್ನು 80 ಡಿಗ್ರಿಯ ನೀರಿನಲ್ಲಿ ಮುಳುಗಿಸಿದೆವೆಂದು ಭಾವಿಸೋಣ. ಉರುಳೆಯ ಅಡ್ಡಳತೆ 5 ಸೆಂಟಿಮೀಟರಾದರೆ ಅದರ ನಡುಭಾಗ 74 ಡಿಗ್ರಿಗೆ ಬರಲು ಸುಮಾರು 40 ನಿಮಿಷ ಬೇಕು. 7 ಸೆಂಟಿಮೀಟರಾದರೆ ಸುಮಾರು 75 ನಿಮಿಷ. 10 ಸೆಂಟಿಮೀಟರಾದರೆ ಎರಡೂವರೆ ಗಂಟೆಗೂ ಮಿಕ್ಕಿ. ನೋಡಿರಿ, 5ರಿಂದ 10ಕ್ಕೆ ದಪ್ಪ ಇಮ್ಮಡಿಯಾಯಿತು, ಕಾಲ ನಾಲ್ಮಡಿಯಾಯಿತು. ನೆರೆಮನೆಯವರು ಚಿಕ್ಕ ಡಬ್ಬಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದರೆಂದು ದೊಡ್ಡ ಡಬ್ಬಿಗೂ ಒಂದೂವರೆ ಗಂಟೆ ಸಾಕೆಂದು ಎಣಿಸುವುದು ಅಪಾಯಕರ.

ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ತುಂಬಿ ಕಡುಬು ಬೇಯಿಸುವ ಮನೆಗಳಲ್ಲಿ ಈ ನಿಯಮ ಹೆಸರಿಲ್ಲದೆಯೇ ಪರಿಚಿತ. ಕೊಟ್ಟೆ ಇಡ್ಲಿಗಿಂತ ದಪ್ಪವಾಗಿರುವುದರಿಂದ ಅದಕ್ಕೆ ಹಬೆ ಹೆಚ್ಚು ಹೊತ್ತು ಬೇಕು. ಬೆಂದಿತೋ ಇಲ್ಲವೋ ಎಂದು ನಡುವಿಗೆ ಕಡ್ಡಿ ಚುಚ್ಚಿ ನೋಡುವವರು ನಡುಭಾಗವೇ ಸಾಕ್ಷಿಯೆಂಬುದನ್ನು ಒಪ್ಪಿದಂತಾಯಿತು. ಕೋಳಿಗೆ ಕಡ್ಡಿ ಸಾಲದು. ಸಲಾಕೆಯುಳ್ಳ ಅಡುಗೆಯ ಉಷ್ಣಮಾಪಕವನ್ನು ನಡುವಿಗೆ ಚುಚ್ಚಬೇಕು. ಕಾಲೇಜಿನ ಪ್ರಯೋಗಶಾಲೆಯ ಪಾದರಸದ ಉಷ್ಣಮಾಪಕವನ್ನು ಆಹಾರಕ್ಕೆ ಎಂದಿಗೂ ಬಳಸಬಾರದೆಂದು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇವೆ. ಅದು ಒಡೆದರೆ ಪಾದರಸ ಊಟಕ್ಕೆ ಸೇರುತ್ತದೆ.

ಅಡುಗೆಯ ಉತ್ತರಾರ್ಧ

ನಡುಭಾಗ 74ಕ್ಕೆ ಬಂದಿತು. ಇಲ್ಲಿಗೆ ಅಡುಗೆ ಮುಗಿಯಿತೆಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆ. ಬಿಸಿಬಿಸಿಯಾಗಿ ಉಣ್ಣುವುದಾದರೆ ಆ ಮಾತು ಸರಿಯೂ ಹೌದು. ಆದರೆ ತಣ್ಣನೆಯ ಬಿಲ್ಲೆಯ ಪಾಲಿಗೆ ಇದು ಅರ್ಧದಾರಿ ಮಾತ್ರ.

74 ಡಿಗ್ರಿಯಲ್ಲಿಯೂ, ಅಷ್ಟೇಕೆ ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯುವ ಬೀಜಾಣುಗಳುಂಟು. ಅವುಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಏಕಾಣುಜೀವಿಯದು ಮುಖ್ಯ. ಗಾಳಿಯಿಲ್ಲದ ತಾವೇ ಅದಕ್ಕೆ ಇಷ್ಟ. ಒತ್ತಿ ತುಂಬಿದ ಮಾಂಸದ ಒಡಲಿಗಿಂತ ಹಿತವಾದ ತಾವು ಅದಕ್ಕೆ ಬೇರೊಂದಿಲ್ಲ. ಮಾಂಸ ಆರುತ್ತ ಬಂದಂತೆ ಬೀಜಾಣು ಮೊಳೆತು ಬೆಳೆಯತೊಡಗುತ್ತದೆ. 43ರಿಂದ 47 ಡಿಗ್ರಿಗಳ ನಡುವೆ ಅದರ ಬೆಳವಣಿಗೆ ಅತಿ ತೀವ್ರ: ಅನುಕೂಲ ಒದಗಿದರೆ ಸುಮಾರು 10 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಎರಡು ಗಂಟೆಯಲ್ಲಿ ಹನ್ನೆರಡು ಸಲ ಇಮ್ಮಡಿಯಾದರೆ ಒಂದು ಇದ್ದದ್ದು 4,096 ಆಗುತ್ತದೆ. ಇಂಥ ಮಾಂಸವನ್ನು ತಿಂದವರಿಗೆ ಕೆಲವು ಗಂಟೆಗಳ ತರುವಾಯ ಹೊಟ್ಟೆ ಹಿಂಡಿದಂತಾಗಿ ಭೇದಿ ಹತ್ತುತ್ತದೆ. ಬಣ್ಣದಲ್ಲಿಯಾಗಲಿ ವಾಸನೆಯಲ್ಲಿಯಾಗಲಿ ಯಾವ ಸೂಚನೆಯೂ ಮೊದಲೇ ದೊರೆಯದಿರಬಹುದು.

ಆದುದರಿಂದ ಬೆಂದ ಮಾಂಸವು 60 ಡಿಗ್ರಿಯಿಂದ 5 ಡಿಗ್ರಿಯವರೆಗಿನ ಅಪಾಯದ ವಲಯವನ್ನು ಬೇಗ ದಾಟಬೇಕು. 21 ಡಿಗ್ರಿಯವರೆಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಯವರೆಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕೆಂಬುದು ಆಹಾರಶಾಸ್ತ್ರಜ್ಞರು ಅನುಸರಿಸುವ ಅಳತೆ.

ಚಳಿನಾಡಿನ ಪಾಕವಿಧಾನಗಳಲ್ಲಿ ಈ ಘಟ್ಟದಲ್ಲಿ ಒಂದು ಪುಟ್ಟ ವಾಕ್ಯವಿರುತ್ತದೆ: ಕೋಣೆಯ ಉಷ್ಣಮಾನಕ್ಕೆ ಆರಲು ಬಿಡಿರಿ, ಅನಂತರ ರೆಫ್ರಿಜರೇಟರಿನಲ್ಲಿಡಿರಿ ಎಂದು. ಆ ಬರೆಹಗಾರರ ಕೋಣೆಯಲ್ಲಿ 18 ಅಥವಾ 20 ಡಿಗ್ರಿ ಇದ್ದೀತು. ಏಪ್ರಿಲ್ ತಿಂಗಳ ಮಧ್ಯಾಹ್ನ ಭಟ್ಕಳದ ಮನೆಯೊಳಗೆ 32 ಡಿಗ್ರಿ ಇರುತ್ತದೆ. ಪದಾರ್ಥವು ಆರುವ ವೇಗ ಅದಕ್ಕೂ ಸುತ್ತಣ ಗಾಳಿಗೂ ಇರುವ ಉಷ್ಣಮಾನದ ಅಂತರವನ್ನು ಅವಲಂಬಿಸಿದೆಯೆಂದು ನ್ಯೂಟನ್ 1701ರಲ್ಲಿಯೇ ಹೇಳಿದ್ದಾನೆ. ಅಂತರ ಕಡಿಮೆಯಾದಷ್ಟೂ ವೇಗ ಕಡಿಮೆ. ಅಂತರವೇ ಇಲ್ಲವಾದಾಗ ಆರುವುದೂ ನಿಲ್ಲುತ್ತದೆ.

ಅರ್ಧ ಕಿಲೋಗ್ರಾಮಿನ ಉರುಳೆಯನ್ನು 32 ಡಿಗ್ರಿಯ ನಿಶ್ಚಲವಾದ ಗಾಳಿಯಲ್ಲಿ ಸುಮ್ಮನೆ ಇಟ್ಟರೆ, ನಮ್ಮ ಅಂದಾಜಿನಂತೆ, ಅದು 50 ಡಿಗ್ರಿಯಿಂದ 35 ಡಿಗ್ರಿಗೆ ಇಳಿಯಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಪರ್ಫ್ರಿಂಜೆನ್ಸಿಗೆ ಹಬ್ಬವಾಗುವ ವಲಯವೇ ಅದು. ಬಿಸಿನೀರಿರುವ ಕುಕ್ಕರಿನೊಳಗೇ ಬಿಟ್ಟರಂತೂ ಇನ್ನೂ ಹೆಚ್ಚು ಹೊತ್ತು. 21 ಡಿಗ್ರಿಯ ಮಾತಂತೂ ಏಳುವುದೇ ಇಲ್ಲ. 32 ಡಿಗ್ರಿಯ ಗಾಳಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಯಾವ ವಸ್ತುವೂ 21ಕ್ಕೆ ಇಳಿಯಲಾರದು. ಒಂದೂರಿನಲ್ಲಿ ನಿರಪಾಯವಾದ ವಾಕ್ಯ ಇನ್ನೊಂದೂರಿನಲ್ಲಿ ರೋಗದ ಬೀಜವಾಗುವುದು ಹೀಗೆ.

ಇದಕ್ಕೆ ಪರಿಹಾರ ಮಂಜುಗಡ್ಡೆ. ಅದರ ಪಾಠವನ್ನು ಈ ತೀರದ ಮೀನುಗಾರರು ಯಾರಿಂದಲೂ ಕಲಿಯಬೇಕಾಗಿಲ್ಲ. ತದಡಿ, ಹೊನ್ನಾವರ, ಭಟ್ಕಳಗಳ ಬಂದರುಗಳಿಂದ ದೂರ ಹೋಗುವ ದೋಣಿಗಳು ಪುಡಿಮಾಡಿದ ಮಂಜನ್ನು ತುಂಬಿಕೊಂಡೇ ಹೊರಡುತ್ತವೆ; ಬಲೆಯಿಂದ ತೆಗೆದ ಮೀನು ಮಂಜಿನ ನಡುವೆ ಸೇರುತ್ತದೆ. ಮೀನಿನ ವಿಷಯದಲ್ಲಿ ಇಷ್ಟು ಜಾಣತನವಿರುವ ನಾಡಿನಲ್ಲಿ ಬೆಂದ ಕೋಳಿಯ ವಿಷಯದಲ್ಲಿ ಉದಾಸೀನವೇಕೆ?

ಎಷ್ಟು ಮಂಜು ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಮಾಂಸದ ವಿಶಿಷ್ಟೋಷ್ಣ ಗ್ರಾಮಿಗೆ ಸುಮಾರು 3.5 ಜೂಲು. 500 ಗ್ರಾಂ ಮಾಂಸವನ್ನು 74ರಿಂದ 5 ಡಿಗ್ರಿಗೆ ಇಳಿಸಲು 500 × 3.5 × 69, ಎಂದರೆ ಸುಮಾರು 1,21,000 ಜೂಲು ಶಾಖವನ್ನು ತೆಗೆಯಬೇಕು. ಮಂಜಿನ ಗುಪ್ತೋಷ್ಣ ಗ್ರಾಮಿಗೆ 334 ಜೂಲು. ಹೀಗಾಗಿ ಮಾಂಸಕ್ಕೆ ಸುಮಾರು 360 ಗ್ರಾಂ ಮಂಜು ಕರಗಬೇಕು. ಸುತ್ತಲಿನ ಒಂದು ಲೀಟರು ನೀರನ್ನು 30ರಿಂದ 0 ಡಿಗ್ರಿಗೆ ಇಳಿಸಲು ಸುಮಾರು 375 ಗ್ರಾಂ. ಪಾತ್ರೆ, ಗಾಳಿಗಳ ಪಾಲನ್ನೂ ಸೇರಿಸಿದರೆ ಒಂದು ಕಿಲೋಗ್ರಾಂ ಮಂಜು ಧಾರಾಳವಾಗಿ ಸಾಕು. ಮಂಜು ತೇಲುತ್ತಿರುವ ನೀರಿನಲ್ಲಿ 7 ಸೆಂಟಿಮೀಟರಿನ ಉರುಳೆಯ ನಡುಭಾಗ ಸುಮಾರು 45 ನಿಮಿಷದಲ್ಲಿ 21 ಡಿಗ್ರಿಗೂ, ಸುಮಾರು 80 ನಿಮಿಷದಲ್ಲಿ 5 ಡಿಗ್ರಿಗೂ ಇಳಿಯುತ್ತದೆ. ಆರು ಗಂಟೆಯ ಗಡುವು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಮಾಡುವ ಕ್ರಮ

ಮೇಲಿನ ವಿಚಾರಗಳನ್ನೆಲ್ಲ ಕೂಡಿಸಿ ಕ್ರಮವನ್ನು ಹೀಗೆ ಹೇಳಬಹುದು. ಎಲುಬು, ಚರ್ಮಗಳಿಲ್ಲದ 500 ಗ್ರಾಂ ಎದೆಯ ಮಾಂಸವನ್ನು ರೆಫ್ರಿಜರೇಟರಿನಲ್ಲಿ ಚೆನ್ನಾಗಿ ತಣಿಸಿ, ಸಣ್ಣಗೆ ಹೆಚ್ಚಬೇಕು. 10 ಗ್ರಾಂ ಉಪ್ಪು, ಒಂದಿಷ್ಟು ಕುಟ್ಟಿದ ಕಾಳುಮೆಣಸು, 50 ಮಿಲಿಲೀಟರು ಮಂಜುನೀರು ಇವುಗಳೊಡನೆ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಬಿಡುವು ಕೊಟ್ಟು ಮಿಕ್ಸಿಯಲ್ಲಿ ಅರೆಯಬೇಕು. ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು 16ನೆಯ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಮೆಣಸಿಗೆ ಹೆಸರಾದ ಸೀಮೆಯಿದು. ಆದರೆ ಮೆಣಸು ಕೊಡುವುದು ರುಚಿಯನ್ನು ಮಾತ್ರ, ರಕ್ಷಣೆಯನ್ನಲ್ಲ.

ಅಂಟಾದ ಮುದ್ದೆಯನ್ನು 7 ಸೆಂಟಿಮೀಟರು ಅಡ್ಡಳತೆಯ, ಬಿಗಿಯಾದ ಮುಚ್ಚಳವುಳ್ಳ ಸ್ಟೀಲು ಡಬ್ಬಿಗೆ ತುಂಬಬೇಕು. ಒಳಗೆ ಬಾಡಿಸಿದ ಬಾಳೆಯೆಲೆಯನ್ನು ಹಾಸಿದರೆ ಬಿಡಿಸಲು ಸುಲಭ. ತುಂಬುವಾಗ ಒತ್ತಿ ಒತ್ತಿ ಗಾಳಿಯನ್ನು ಹೊರಡಿಸಬೇಕು. ಗಾಳಿಯ ಗುಳ್ಳೆ ಶಾಖಕ್ಕೆ ಅಡ್ಡಗೋಡೆಯಿದ್ದಂತೆ. ಕುಕ್ಕರಿನ ತಳದಲ್ಲಿ ತಟ್ಟೆಯೊಂದನ್ನಿಟ್ಟು, ಅದರ ಮೇಲೆ ಡಬ್ಬಿಯನ್ನು ನಿಲ್ಲಿಸಿ, ಮಾಂಸದ ಮಟ್ಟಕ್ಕಿಂತ ಮೇಲೆ ಬರುವಷ್ಟು ನೀರನ್ನು 80 ಡಿಗ್ರಿಯಲ್ಲಿಡಬೇಕು. 75 ನಿಮಿಷಗಳಾದ ಮೇಲೆ ಮುಚ್ಚಳ ತೆಗೆದು, ಸಲಾಕೆಯನ್ನು ಮಾಂಸದ ಸರಿಯಾದ ನಡುವಿಗೆ ಇಳಿಸಿ ನೋಡಬೇಕು. 74 ಬಾರದಿದ್ದರೆ ಬರುವವರೆಗೆ ಮುಂದುವರಿಸಬೇಕು. ಬಂದ ಕೂಡಲೆ ಡಬ್ಬಿಯನ್ನು ಮುಚ್ಚಿ ಮಂಜುನೀರಿಗೆ ಇಳಿಸಬೇಕು. ಈ ಮಂಜು ಕುಡಿಯುವ ನೀರಿನಿಂದ ಮನೆಯಲ್ಲಿ ಮಾಡಿದ್ದಾಗಿರಬೇಕು. ಮೀನಿಗಾಗಿ ತಂದುದು ಕೂಡದು. ಒಂದೂವರೆ ಗಂಟೆಯ ಬಳಿಕ ರೆಫ್ರಿಜರೇಟರಿಗೆ ಸೇರಿಸಿ, ಮರುದಿನ ಬೆಳಗ್ಗೆ ತೆಳ್ಳಗೆ ಕೊಯ್ಯಬಹುದು. ಹಸಿಮಾಂಸ ತಾಗಿದ ಚಾಕು, ಮಣೆ, ಕೈಗಳು ಸಾಬೂನಿನಿಂದ ತೊಳೆಯದೆ ಬೆಂದ ಮಾಂಸವನ್ನು ಮುಟ್ಟಬಾರದು.

ಅಂಗಡಿಯ ಬಿಲ್ಲೆಯ ನಸುಗೆಂಪು ಬಣ್ಣ ನಿಮ್ಮದಕ್ಕೆ ಬಾರದಿದ್ದರೆ ಚಿಂತೆ ಬೇಡ. ಆ ಬಣ್ಣ ಸಾಮಾನ್ಯವಾಗಿ ಸೋಡಿಯಂ ನೈಟ್ರೈಟು ಎಂಬ ಲವಣದ್ದು. ಅದು ಕೆಲವು ರೋಗಾಣುಗಳನ್ನು ತಡೆಯುವುದೂ ಉಂಟು. ಆದರೆ ಅಳತೆ ತಪ್ಪಿದರೆ ಅದೇ ವಿಷ. ಮನೆಯಲ್ಲಿ ಅದರ ಗೊಡವೆ ಬೇಡ. ಅದಿಲ್ಲದ ಬಿಲ್ಲೆ 5 ಡಿಗ್ರಿಗಿಂತ ಕೆಳಗೆ ಮೂರು ನಾಲ್ಕು ದಿನ ಮಾತ್ರ ಬಾಳುತ್ತದೆ. ಆಷಾಢದ ಗಾಳಿಮಳೆಗೆ ವಿದ್ಯುತ್ತು ಹೋಗುವುದು ಈ ಸೀಮೆಯಲ್ಲಿ ಸಾಮಾನ್ಯ. ಬಾಗಿಲು ತೆರೆಯದಿದ್ದರೆ ರೆಫ್ರಿಜರೇಟರು ಸುಮಾರು ನಾಲ್ಕು ಗಂಟೆ ತಣ್ಣಗಿದ್ದೀತು. ಅದಕ್ಕೂ ಹೆಚ್ಚು ಹೊತ್ತು ಕತ್ತಲೆಯಾದರೆ ಬಿಲ್ಲೆಯ ಆಸೆಯನ್ನು ಬಿಡುವುದೇ ಲೇಸು. ನಡು ಅಡುಗೆಯಲ್ಲಿ ವಿದ್ಯುತ್ತು ಹೋದರೆ ಕಾಯುತ್ತ ಕೂರದೆ, ಡಬ್ಬಿಯನ್ನು ಗ್ಯಾಸಿನ ಒಲೆಯ ಮೇಲೆ ಕುದಿನೀರಿಗೆ ವರ್ಗಾಯಿಸಬೇಕು. ಬಿಲ್ಲೆ ತುಸು ಗಡುಸಾದೀತು, ಜೀವಕ್ಕೆ ಅಪಾಯವಾಗದು.

ಮಾಂಸ ತಿನ್ನದವರಿಗೂ ಇದರಿಂದ ಪ್ರಯೋಜನವಿದೆಯೆಂದು ಮೊದಲಲ್ಲಿ ಹೇಳಿದೆವಷ್ಟೆ. ಬೇಯಿಸಿದ ಅನ್ನದಲ್ಲಿಯೂ ಕುದಿಗೆ ಸಾಯದ ಬೀಜಾಣುಗಳು ಉಳಿಯುತ್ತವೆ. ಅವುಗಳಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬುದು ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು, ಮತ್ತೆ ಕಾಯಿಸಿದರೂ ಹೋಗದಂಥ ವಿಷವನ್ನು ಉಂಟುಮಾಡಬಲ್ಲುದು. ಮದುವೆಮನೆಯಲ್ಲಿ ದೊಡ್ಡ ಕೊಪ್ಪರಿಗೆಯ ಅನ್ನ ಮಿಕ್ಕಾಗ, ಅದರ ನಡುಭಾಗ ಸಂಜೆಯಾದರೂ ಬೆಚ್ಚಗಿರುವುದನ್ನು ನೀವು ಕೈಯಿಟ್ಟು ನೋಡಿರಬಹುದು. ದಪ್ಪದ ವರ್ಗದ ನಿಯಮ ಅಲ್ಲಿಯೂ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಆ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಎರಡು ಮೂರು ಸೆಂಟಿಮೀಟರು ದಪ್ಪಕ್ಕೆ ಹರಡಿ ಆರಿಸಿ, ಬೇಗನೆ ತಂಪಿಗೆ ಸೇರಿಸಿದರೆ ಉಳಿಯುತ್ತದೆ. ಕೊಪ್ಪರಿಗೆಯಲ್ಲಿಯೇ ಮುಚ್ಚಿಟ್ಟರೆ ಕೆಡುತ್ತದೆ. ಬೇಯಿಸುವ ವಿದ್ಯೆಯನ್ನು ನಮ್ಮ ಹಿರಿಯರು ಚೆನ್ನಾಗಿ ಕಲಿಸಿಕೊಟ್ಟಿದ್ದಾರೆ. ಆರಿಸುವ ವಿದ್ಯೆಯನ್ನು, ರೆಫ್ರಿಜರೇಟರು ಮನೆಗೆ ಬಂದ ಮೇಲೆ, ನಾವು ಹೊಸದಾಗಿ ಕಲಿಯಬೇಕಾಗಿದೆ.